ಕಟ್ಟಿಸಿದ ಹಲ್ಲಿಗೆ ನಾಚಿಕೆ ಯಾಕೆ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ, ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಆ ಗೋಡೆಯ ಮೇಲೆ ನಾವು ಆಡದ ಮಾತಿಲ್ಲ. ಯಾರಿಗೆ ಶುಗರ್ ಏರಿತು, ಯಾರ ಮಂಡಿ ಆಪರೇಷನ್ನಿಗೆ ಎಷ್ಟು ಖರ್ಚಾಯಿತು, ಯಾರ ಕಣ್ಣಿಗೆ ಯಾವ ಲೆನ್ಸ್ ಹಾಕಿದರು, ಎಲ್ಲವನ್ನೂ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತೇವೆ. ಮಂಡಿ ಬದಲಾಯಿಸಿಕೊಂಡವರು ಬೀದಿಯ ಕೊನೆಯವರೆಗೂ ನಡೆದು ತೋರಿಸುತ್ತಾರೆ, ನಾವೂ ನಿಂತು ನೋಡಿ ಸಂತೋಷಪಡುತ್ತೇವೆ. ಹಲ್ಲು ಕಟ್ಟಿಸಿಕೊಂಡ ಮಾತು ಬಂದರೆ ಮಾತ್ರ ದನಿ ತಾನಾಗಿ ತಗ್ಗುತ್ತದೆ.

ಮೊನ್ನೆ ಪಕ್ಕದ ಮನೆಯ ಅಕ್ಕ ಹಾಗೇ ದನಿ ತಗ್ಗಿಸಿ ಕೇಳಿದರು: "ನಿಮ್ಮ ತಂದೆಯವರಿಗೂ ಸೆಟ್ ಇತ್ತಲ್ಲಾ, ರಾತ್ರಿ ತೆಗೆದಿಡ್ತಿದ್ರಾ?"

"ತೆಗೆದಿಡದೆ ಮತ್ತೆ! ಊಟ ಆಗಿ ಬಾಯಿ ತೊಳೆದ ಮೇಲೆ ಅದು ಡಬ್ಬಿಗೇ."

"ನಮ್ಮತ್ತೆ ತೆಗೆಯೋದೇ ಇಲ್ಲ ಕಣ್ರೀ. ಹಗಲೂ ರಾತ್ರಿ ಬಾಯಲ್ಲೇ. ಈಗೊಂದು ವಾರದಿಂದ ಅಂಗುಳ ಉರಿ ಅಂತಾರೆ, ಸಾರಿನ ಖಾರ ತಗಲೋ ಹಾಗಿಲ್ಲ. ಎಲ್ಲಿ ತೋರಿಸಿ ಅಂದ್ರೆ ಬಾಯಿ ಮುಚ್ಕೊಂಡು ಒಳಗೆ ಹೋಗಿಬಿಡ್ತಾರೆ. ಬೆಳಗಿನ ಜಾವ ಯಾರೂ ಏಳೋಕೆ ಮುಂಚೆ ಬಚ್ಚಲಿಗೆ ಹೋಗಿ, ನಲ್ಲಿ ಕೆಳಗೆ ಹಿಡಿದು, ಹಾಕ್ಕೊಂಡು ಬರ್ತಾರೆ, ಅಷ್ಟೇ."

ಕಾರಣ ನನಗೆ ಗೊತ್ತಿತ್ತು. ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅಳಿಯ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅವನೆದುರು ಬೊಚ್ಚು ಬಾಯಿ ತೋರಿಸುವುದು ಹೇಗೆ ಎಂದು ಅಜ್ಜಿಗೆ ಸಂಕೋಚ. ಈ ಸಂಕೋಚ ಅವರೊಬ್ಬರದಲ್ಲ, ನಾನು ಕಂಡ ಎಷ್ಟೋ ಹಿರಿಯರದು. ಅದಕ್ಕೇ ಈ ವಿಷಯದಲ್ಲಿ ನಾನು ಮೊದಲು ಹೇಳುವುದು ಬ್ರಶ್ಶಿನ ಮಾತಲ್ಲ, ಮಾತ್ರೆಯ ಮಾತೂ ಅಲ್ಲ. ಮುಚ್ಚುಮರೆ ಬಿಡಿ ಎನ್ನುತ್ತೇನೆ. ಕದ್ದು ತೊಳೆಯುವ ವಸ್ತುವನ್ನು ಯಾರೂ ಚೆನ್ನಾಗಿ ತೊಳೆಯಲಾರರು. ಹೊರಗೆ ಇಡಲು ನಾಚುವ ವಸ್ತು ಬಾಯಲ್ಲೇ ಉಳಿಯುತ್ತದೆ. ಬಾಯಿ ಕೆಡುವುದು ಅಲ್ಲಿಂದಲೇ.

"ಅಕ್ಕಾ, ಅಂಗುಳ ಕೆಂಪಾಗಿರುತ್ತೆ ನೋಡಿ. ಸೆಟ್ ಎಲ್ಲಿಯವರೆಗೆ ಮುಚ್ಚುತ್ತೋ ಅಲ್ಲಿಯವರೆಗೆ ಮಾತ್ರ ಕೆಂಪು" ಎಂದೆ. ಹಲ್ಲಿನ ಡಾಕ್ಟರುಗಳು ದಿನಾ ನೋಡುವ ತೊಂದರೆ ಇದು. ಮೇಲಿನ ಸೆಟ್ಟು ಅಂಗುಳವನ್ನು ಪೂರ್ತಿ ಮುಚ್ಚುತ್ತದೆ. ಅದರಡಿಗೆ ಜೊಲ್ಲು ಸರಿಯಾಗಿ ಓಡಾಡುವುದಿಲ್ಲ. ಬಾಯಲ್ಲಿ ಸಾಮಾನ್ಯವಾಗಿ ಸುಮ್ಮನೆ ಇರುವ ಕ್ಯಾಂಡಿಡಾ ಎಂಬ ಫಂಗಸ್ಸಿಗೆ ಆ ಬೆಚ್ಚಗಿನ ತೇವದ ಜಾಗ ಒಗ್ಗಿಬಿಡುತ್ತದೆ. ಸೆಟ್ಟಿನ ಒಳಮೈಗೂ ಅಂಟಿಕೊಂಡು ಬೆಳೆಯುತ್ತದೆ. ಶುಗರ್ ಇದ್ದವರಿಗೆ, ಬಾಯಿ ಒಣಗುವವರಿಗೆ ಇದು ಇನ್ನೂ ಬೇಗ. ಎಷ್ಟೋ ಜನರಿಗೆ ನೋವಾಗಲಿ ಉರಿಯಾಗಲಿ ಇರುವುದೇ ಇಲ್ಲ, ಆದ್ದರಿಂದ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಅಜ್ಜಿಗೆ ಉರಿ ಬಂದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬರೀ ಬಾಯಿಗೆ ಔಷಧ ಹಚ್ಚಿದರೆ ಇದು ಹೋಗುವುದಿಲ್ಲ. ಸೆಟ್ಟನ್ನೂ ಶುದ್ಧ ಮಾಡಬೇಕು, ರಾತ್ರಿ ಅಂಗುಳಕ್ಕೆ ಬಿಡುವು ಕೊಡಬೇಕು.

ರಾತ್ರಿಯ ಮಾತಿಗೆ ಇನ್ನೊಂದು ಕಾರಣವೂ ಇದೆ. ಜಪಾನಿನಲ್ಲಿ 85 ವರ್ಷ ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ಅಂಥವರ ನಾಲಿಗೆಯ ಮೇಲೆ, ಸೆಟ್ಟಿನ ಮೇಲೆ ಕೊಳೆಯೂ ಹೆಚ್ಚಿತ್ತು. ನಿದ್ದೆಯಲ್ಲಿ ಬಾಯಿಯ ಜೊಲ್ಲು ಒಂದಿಷ್ಟು ಶ್ವಾಸಕೋಶದ ಕಡೆಗೆ ಇಳಿಯುವುದು ವಯಸ್ಸಾದವರಲ್ಲಿ ಸಾಮಾನ್ಯ. ಬಾಯಿ ಕೊಳಕಾಗಿದ್ದರೆ ಅದರ ಜೊತೆ ಇಳಿಯುವುದೂ ಕೊಳಕೇ.

ಇಷ್ಟು ಹೇಳುವಾಗ ಅತ್ತ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಎದ್ದು ಗೋಡೆಯ ಹತ್ತಿರವೇ ಬಂದರು.

"ನಾನೇನು ತೊಳೆಯಲ್ಲ ಅಂತ ಅಲ್ಲಮ್ಮ. ಪೇಸ್ಟ್ ಹಾಕಿ ತಿಕ್ಕಿದೆ, ಒಂದು ದಿನ ಉಪ್ಪು, ಬೂದಿ ಹಾಕಿಯೂ ತಿಕ್ಕಿದೆ. ಆದ್ರೂ ವಾಸನೆ ಹೋಗಲ್ಲ."

ಪಾಪ, ಅವರು ಕಷ್ಟಪಟ್ಟೇ ತಿಕ್ಕಿದ್ದರು, ಆದರೆ ತಿಕ್ಕಿದ ಸಾಮಾನು ಸರಿಯಿರಲಿಲ್ಲ. ಸೆಟ್ಟಿನ ಗುಲಾಬಿ ಭಾಗವೆಲ್ಲ ಅಕ್ರಿಲಿಕ್. 1930ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಪದಾರ್ಥ ಅದು. ಅದಕ್ಕೆ ಮುಂಚೆ ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಮಾಡುತ್ತಿದ್ದರು. ಅಕ್ರಿಲಿಕ್ ಹಗುರ, ಬಣ್ಣವೂ ವಸಡಿಗೆ ಹೊಂದುತ್ತದೆ, ಆದರೆ ನಮ್ಮ ಹುಟ್ಟು ಹಲ್ಲಿನ ಮೇಲ್ಪದರಕ್ಕಿಂತ ತುಂಬ ಮೆತ್ತಗೆ. ಹಲ್ಲುಜ್ಜುವ ಪೇಸ್ಟಿನಲ್ಲಿ ಉಜ್ಜಲೆಂದೇ ಸೇರಿಸಿದ ನುಣ್ಣನೆಯ ಕಣಗಳಿರುತ್ತವೆ. ಹಲ್ಲಿಗೆ ಏನೂ ಮಾಡದ ಆ ಕಣಗಳು ಅಕ್ರಿಲಿಕ್ಕಿನ ಮೇಲೆ ಕಣ್ಣಿಗೆ ಕಾಣದ ಗೀರು ಎಳೆಯುತ್ತವೆ. ಉಪ್ಪು, ಬೂದಿ, ಇದ್ದಿಲು, ಹಲ್ಲುಪುಡಿ ಇನ್ನೂ ಒರಟು. ಗೀರಿನೊಳಗೆ ಕೊಳೆ ಕೂರುತ್ತದೆ, ವಾಸನೆ ಅಲ್ಲಿಂದ ಹುಟ್ಟುತ್ತದೆ, ವಾಸನೆ ಹೋಗಲೆಂದು ಮತ್ತಷ್ಟು ಜೋರಾಗಿ ತಿಕ್ಕುತ್ತೇವೆ, ಗೀರು ಇನ್ನೂ ಹೆಚ್ಚುತ್ತದೆ.

"ಹಾಗಾದ್ರೆ ಬಿಸಿನೀರಲ್ಲಿ ಕುದಿಸಿಬಿಡಲಾ?" ಎಂದರು ಅಜ್ಜಿ.

"ಅಯ್ಯೋ ಬೇಡಿ ಅಮ್ಮ! ಕುದಿಯೋ ನೀರಿಗೆ ಹಾಕಿದರೆ ಅದರ ಆಕಾರವೇ ಕೆಡುತ್ತೆ. ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ವಸಡಿನ ಮೇಲೆ ಕೂರಲ್ಲ."

ನಮ್ಮ ತಂದೆಗೆ ಡೆಂಟಲ್ ಕಾಲೇಜಿನಲ್ಲಿ ಸೆಟ್ ಕೊಟ್ಟ ದಿನ ಅಲ್ಲಿನ ಹುಡುಗಿಯೊಬ್ಬಳು, ಇನ್ನೂ ಓದುತ್ತಿದ್ದವಳು, ತೊಳೆಯುವುದು ಹೇಗೆಂದು ಕೈಯಲ್ಲಿ ಹಿಡಿದು ತೋರಿಸಿಕೊಟ್ಟಿದ್ದಳು. ಅದನ್ನೇ ನಾನು ಗೋಡೆಯ ಮೇಲೆ ಕೈ ಆಡಿಸುತ್ತಾ ಅಜ್ಜಿಗೆ ತೋರಿಸಿದೆ.

ಮೊದಲು ವಾಶ್‌ಬೇಸಿನ್ನಿನ ತೂತು ಮುಚ್ಚಿ ಅರ್ಧ ನೀರು ತುಂಬಬೇಕು, ಇಲ್ಲವೇ ಒಂದು ಟವೆಲ್ ಮಡಿಸಿ ಹಾಸಬೇಕು. ಸೋಪು ತಗಲಿದ ಸೆಟ್ಟು ಕೈಯಿಂದ ಜಾರುವುದು ಒಂದು ಕ್ಷಣದ ಕೆಲಸ. ಕೆಳಗೆ ಬರೀ ಪಿಂಗಾಣಿ ಇದ್ದರೆ ಎರಡು ಹೋಳು. ಬಾಯಿಗೆ ಒಂದು ಗುಟುಕು ನೀರು ಹಾಕಿಕೊಂಡು ಮುಕ್ಕಳಿಸಿ, ಮೊದಲು ಕೆಳಗಿನದು ತೆಗೆಯಬೇಕು. ಮೇಲಿನದು ಅಂಗುಳಕ್ಕೆ ಅಂಟಿ ಹಿಡಿದಿದ್ದರೆ ತುಟಿ ಮುಚ್ಚಿ ಕೆನ್ನೆ ಉಬ್ಬಿಸಿ ಊದಿದರೆ ಗಾಳಿ ನುಗ್ಗಿ ಸಡಿಲವಾಗುತ್ತದೆ. ಕೆಳಗಿನ ಸೆಟ್ಟು ಲಾಳದ ಆಕಾರದ್ದು, ಅದರ ಎರಡು ತುದಿಯನ್ನು ಅಂಗೈಯಲ್ಲಿ ಹಿಡಿದು ಒತ್ತಿದರೆ ನಡುಮಧ್ಯಕ್ಕೆ ಬಿರುಕು ಬಿಡುತ್ತದೆ. ಆದ್ದರಿಂದ ಒಂದು ಪಕ್ಕವನ್ನು ಹಿಡಿದು ಆ ಪಕ್ಕ ತೊಳೆದು, ಆಮೇಲೆ ಇನ್ನೊಂದು ಪಕ್ಕ.

ಬ್ರಶ್ಶು ಮೆತ್ತಗಿರಬೇಕು. ಸೆಟ್ಟಿಗೆಂದೇ ಎರಡು ತಲೆಯ ಬ್ರಶ್ಶು ಸಿಗುತ್ತದೆ, ದೊಡ್ಡ ತಲೆ ಹೊರಮೈಗೆ, ಸಣ್ಣ ತಲೆ ಒಳಗಿನ ಕಾಲುವೆಗೆ. ಸಿಗದಿದ್ದರೆ ಮಕ್ಕಳ ಮೆತ್ತನೆಯ ಬ್ರಶ್ಶಾದರೂ ಸಾಕು. ಸೋಪೆಂದರೆ ಕೈ ತೊಳೆಯುವ ಸಾದಾ ಸೋಪು, ಇಲ್ಲವೇ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ತೊಟ್ಟು. ನಾವೆಲ್ಲ ಕಾಣುವ ಹಲ್ಲನ್ನೇ ತಿಕ್ಕುತ್ತೇವೆ. ಕೊಳೆ ಕೂರುವುದು ಕಾಣದ ಒಳಮೈಯಲ್ಲಿ, ವಸಡಿಗೆ ಒತ್ತಿಕೊಳ್ಳುವ ಆ ಗುಂಡಿಯಲ್ಲಿ. ಅನ್ನದ ಗಂಜಿ, ಮೊಸರಿನ ಜಿಡ್ಡು, ಪುಡಿಯಾದ ಎಳ್ಳು ಎಲ್ಲ ಅಲ್ಲೇ ಕೂರುತ್ತವೆ. ತೊಳೆದಾದ ಮೇಲೆ ಹೆಬ್ಬೆರಳಿಂದ ಆ ಗುಂಡಿಯನ್ನು ಒಮ್ಮೆ ಸವರಿ ನೋಡಬೇಕು. ಜಾರಿದರೆ ಲೋಳೆ ಇನ್ನೂ ಇದೆ ಎಂದರ್ಥ. ಬೆರಳು ತಡೆದು ಕಿಚ್ ಎಂದರೆ ಕೊಳೆ ಬಿಟ್ಟಿತು. ಆಮೇಲೆ ಸೋಪಿನ ರುಚಿ ಹೋಗುವ ತನಕ ನೀರಲ್ಲಿ ಜಾಲಿಸಬೇಕು. ಇಷ್ಟನ್ನು ದಿನಕ್ಕೊಮ್ಮೆಯಾದರೂ ಮಾಡಬೇಕು, ಸಾಧ್ಯವಾದರೆ ಎರಡು ಸಲ. ಪ್ರತಿ ಊಟ ತಿಂಡಿಯ ನಂತರ ತೆಗೆದು ಬರೀ ನೀರಲ್ಲಿ ತೊಳೆದರೂ ಬಹಳ ವ್ಯತ್ಯಾಸ.

ಬಾಯಿಯನ್ನೂ ಮರೆಯಬಾರದು. ಹಲ್ಲಿಲ್ಲವಲ್ಲ, ಉಜ್ಜುವುದೇನು ಎಂದು ಬಿಡುವವರೇ ಹೆಚ್ಚು. ಒದ್ದೆ ಮಾಡಿದ ಮೆತ್ತನೆಯ ಬ್ರಶ್ಶಿನಿಂದಲೋ ಹತ್ತಿ ಬಟ್ಟೆಯಿಂದಲೋ ವಸಡು, ಅಂಗುಳ, ನಾಲಿಗೆ ಎಲ್ಲವನ್ನೂ ನಯವಾಗಿ ಉಜ್ಜಬೇಕು. ದಿನವಿಡೀ ಒತ್ತಡ ತಿಂದ ವಸಡಿಗೆ ಅದರಿಂದ ಹಾಯೆನಿಸುತ್ತದೆ. ನಾಲ್ಕಾರು ಸ್ವಂತ ಹಲ್ಲು ಉಳಿದು, ಮಿಕ್ಕದ್ದಕ್ಕೆ ಮಾತ್ರ ಕಟ್ಟಿಸಿಕೊಂಡವರಂತೂ ಆ ಹಲ್ಲನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಸೆಟ್ಟಿನ ಕೊಕ್ಕೆ ಹಿಡಿದುಕೊಳ್ಳುವುದು ಅವುಗಳನ್ನೇ, ಹುಳುಕು ಮೊದಲು ಹತ್ತುವುದೂ ಅಲ್ಲಿಗೇ.

"ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿ ಇಟ್ಟರೆ ಆಗಲ್ವಾ?" ಎಂದರು ಅಕ್ಕ.

ಅದಂತೂ ಬೇಡವೇ ಬೇಡ. ಅಕ್ರಿಲಿಕ್ಕು ಒಂದಿಷ್ಟು ನೀರು ಹೀರಿಕೊಂಡೇ ತನ್ನ ಅಳತೆಯಲ್ಲಿರುತ್ತದೆ, ಒಣಗಿದರೆ ಆ ಅಳತೆ ತಪ್ಪುತ್ತದೆ. ಆದ್ದರಿಂದ ರಾತ್ರಿಯೆಲ್ಲ ಮುಳುಗುವಷ್ಟು ತಣ್ಣೀರಿನಲ್ಲಿ, ಮುಚ್ಚಳದ ಡಬ್ಬಿಯಲ್ಲಿ ಇರಬೇಕು. ನೀರು ದಿನಾ ಬದಲಾಗಬೇಕು, ಡಬ್ಬಿಯನ್ನೂ ತೊಳೆಯಬೇಕು. ಪೇಪರಿನಲ್ಲಿ ಸುತ್ತಿಟ್ಟ ಸೆಟ್ಟು ಕಸದ ಜೊತೆ ಹೋಗುವುದೂ ಸುಲಭ. ಮದುವೆ ಮನೆಯಲ್ಲಿ ಊಟದೆಲೆಯ ಪಕ್ಕ ಕರವಸ್ತ್ರದಲ್ಲಿ ಇಟ್ಟು, ಎಲೆ ಎತ್ತುವವರ ಕೈಗೆ ಕೊಟ್ಟವರ ಕತೆ ಪ್ರತಿ ನೆಂಟರ ಬಳಗದಲ್ಲೂ ಒಂದಾದರೂ ಇರುತ್ತದೆ. ನಾಯಿ ಸಾಕಿದ ಮನೆಯಲ್ಲಿ ಇನ್ನೂ ಎಚ್ಚರ. ಬಾಯಿಯ ವಾಸನೆ ಹಿಡಿದು ಬಂದು ಕಚ್ಚಿ ಪುಡಿ ಮಾಡುತ್ತವೆ.

ಔಷಧಿ ಅಂಗಡಿಯಲ್ಲಿ ಸೆಟ್ ನೆನೆಸುವ ಮಾತ್ರೆ, ಪುಡಿ ಸಿಗುತ್ತವೆ. ನೀರಿಗೆ ಹಾಕಿದರೆ ಬುಸುಬುಸು ನೊರೆಯೆದ್ದು, ಬ್ರಶ್ಶು ತಲುಪದ ಸಂದಿಯ ಕೊಳೆಯನ್ನು ಸಡಿಲ ಮಾಡುತ್ತದೆ. ಒಳ್ಳೆಯದೇ, ಆದರೆ ಅದು ಬ್ರಶ್ಶಿನ ಬದಲಿಗಲ್ಲ, ಬ್ರಶ್ಶಿನ ಜೊತೆಗೆ. ನೆನೆಸಿದ ಮೇಲೆ ಚೆನ್ನಾಗಿ ತೊಳೆಯದೆ ಬಾಯಿಗೆ ಹಾಕಬಾರದು. ಹಲವು ಮಾತ್ರೆಗಳಲ್ಲಿ ಪರ್ಸಲ್ಫೇಟ್ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಅಲರ್ಜಿ ತರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಎಚ್ಚರಿಸಿದೆ. ಸೆಟ್ ಬಾಯಲ್ಲಿರುವಾಗಲೇ ಮಾತ್ರೆಯ ನೀರಲ್ಲಿ ಮುಕ್ಕಳಿಸುವುದು, ಅರಿಯದೆ ಕುಡಿಯುವುದು ಎರಡೂ ಅಪಾಯ. "ನಿಮ್ಮ ಮನೆಯಲ್ಲಿ ಮಗು ಇದೆ ಅಕ್ಕಾ, ನಾಳೆ ಅಂಬೆಗಾಲಿಡುತ್ತೆ. ಮಾತ್ರೆ ಮಾತ್ರ ಎತ್ತರದಲ್ಲಿಡಿ" ಎಂದೆ.

ನಮ್ಮ ಕಡೆ ಬೋರ್‌ವೆಲ್ ನೀರಿನ ತೊಂದರೆ ಬೇರೆ. ಬಕೆಟ್ಟಿಗೆ, ನಲ್ಲಿಗೆ ಕಟ್ಟುವ ಬಿಳಿ ಪದರ ಸೆಟ್ಟನ್ನೂ ಬಿಡುವುದಿಲ್ಲ. ಜೊಲ್ಲಿನ ಸುಣ್ಣವೂ ಸೇರಿ ಕೆಳಗಿನ ಸೆಟ್ಟಿನ ಮುಂಭಾಗದ ಒಳಗೆ, ಮೇಲಿನದರ ಕೆನ್ನೆಯ ಪಕ್ಕದಲ್ಲಿ ಗಟ್ಟಿಯಾಗಿ ಕೂರುತ್ತದೆ. ಚಾಕು, ಪಿನ್ನು ಹಾಕಿ ಕೆರೆಯುವವರಿದ್ದಾರೆ, ಅದು ಸೆಟ್ಟಿಗೆ ಗಾಯ. ಅರ್ಧ ನೀರು ಅರ್ಧ ಬಿಳಿ ವಿನಿಗರ್ ಬೆರೆಸಿ ಅರ್ಧ ಗಂಟೆ ನೆನೆಸಿ ಬ್ರಶ್ ಮಾಡಿದರೆ ತೆಳು ಪದರ ಬಿಡುತ್ತದೆ. ಬಿಡದಿದ್ದರೆ ಡಾಕ್ಟರೇ ಪಾಲಿಶ್ ಮಾಡಿಕೊಡುತ್ತಾರೆ. ಲೋಹದ ಕೊಕ್ಕೆ, ಲೋಹದ ತಗಡು ಇರುವ ಸೆಟ್ಟಿಗೆ ವಿನಿಗರೂ ಬೇಡ, ಬ್ಲೀಚೂ ಬೇಡ. ಲೋಹ ಕೆಡುತ್ತದೆ.

ಎಲೆಅಡಿಕೆಯ ಮಾತು ಎತ್ತಿದೊಡನೆ ಅಜ್ಜಿ ಮುಖ ಆ ಕಡೆ ತಿರುಗಿಸಿದರು. ಊಟವಾದ ಮೇಲೆ ಎರಡೆಲೆ ಹಾಕದೆ ಅವರಿಗೆ ಊಟ ಮುಗಿದಂತಾಗುವುದಿಲ್ಲ. ಹಲ್ಲಿದ್ದಾಗ ಕುಟ್ಟದೆ ತಿನ್ನುತ್ತಿದ್ದ ಅಡಿಕೆಯನ್ನು ಈಗ ಕುಟ್ಟಿ ಹಾಕಿಕೊಳ್ಳುತ್ತಾರೆ. ಅಡಿಕೆ ಬಾಯಿಗೆ ಒಳ್ಳೆಯದಲ್ಲ, ಅದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಸೆಟ್ ಒತ್ತಿ ವಸಡಿಗೆ ಹುಣ್ಣಾಗಿ, ಅದರ ಮೇಲೆ ಅಡಿಕೆಯ ರಸವೂ ಸುಣ್ಣವೂ ಬಿದ್ದರೆ ಕೇಳಬೇಕೆ? ಎರಡು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ಡಾಕ್ಟರಿಗೆ ತೋರಿಸದೆ ಇರಬಾರದು. "ಬಿಟ್ಟುಬಿಡಿ ಅಮ್ಮ" ಎಂದೆ. "ನೋಡ್ತೀನಿ" ಎಂದರು. ನೋಡಲಿ, ನಾನೂ ಬಿಡದೆ ಹೇಳುತ್ತಿರುತ್ತೇನೆ.

ಇನ್ನು ಸಡಿಲವಾಗುವ ವಿಷಯ. ಅಜ್ಜಿಗೆ ಕೆಳಗಿನ ಸೆಟ್ಟು ಮಾತಾಡುವಾಗ ಏಳುತ್ತದೆ. ಹಾಕಿದ ಹೊಸದರಲ್ಲಿ ಚೆನ್ನಾಗಿತ್ತು, ಈಗ ಯಾಕೆ ಹೀಗೆ ಎಂದು ಅವರ ದೂರು. ಕೆಟ್ಟಿರುವುದು ಸೆಟ್ಟಲ್ಲ, ಬದಲಾಗಿರುವುದು ದವಡೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆ ಸವೆಯುತ್ತಲೇ ಹೋಗುತ್ತದೆ, ಮೊದಲ ವರ್ಷ ಎಲ್ಲಕ್ಕಿಂತ ಬೇಗ. ಟಾಲ್‌ಗ್ರೆನ್ ಎಂಬ ದಂತ ತಜ್ಞೆ 25 ವರ್ಷಗಳ ಅವಧಿಯನ್ನು ಅಳೆದು 1972ರಲ್ಲಿ ಬರೆದ ವರದಿಯ ಪ್ರಕಾರ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಅದಕ್ಕೇ ಎಲ್ಲರ ದೂರೂ ಕೆಳಗಿನ ಸೆಟ್ಟಿನ ಮೇಲೆ. ಒಳಮೈಗೆ ಹೊಸ ಪದರ ಕೊಡಿಸಿದರೆ ಮತ್ತೆ ಕೂರುತ್ತದೆ, ಡಾಕ್ಟರುಗಳು ರೀಲೈನ್ ಎನ್ನುತ್ತಾರೆ. ಅಂಗಡಿಯ ಅಂಟಿನ ಮೇಲೆಯೇ ವರ್ಷಗಟ್ಟಲೆ ತಳ್ಳುವುದು, ಬಿರುಕು ಬಿಟ್ಟದ್ದಕ್ಕೆ ಮನೆಯಲ್ಲೇ ಗಮ್ಮು ಹಚ್ಚುವುದು ಎರಡೂ ಸಲ್ಲದು. ಮುರಿದ ಸೆಟ್ಟಿನ ಚೂರುಗಳನ್ನೆಲ್ಲ ಹುಡುಕಿ ತೆಗೆದುಕೊಂಡು ಹೋದರೆ ಅವರು ಸರಿಯಾಗಿ ಕೂಡಿಸಿಕೊಡುತ್ತಾರೆ. ಏನೂ ತೊಂದರೆಯಿಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕು.

"ಆಸ್ಪತ್ರೆಗೆ ಸೇರಿದಾಗ ಏನು ಮಾಡೋದು?" ಅಕ್ಕ ಕೇಳಿದರು. ಹೋದ ವರ್ಷ ಅಜ್ಜಿಯ ಕಣ್ಣಿನ ಆಪರೇಷನ್ ಆಗಿತ್ತು, ಅದಿನ್ನೂ ಅವರ ನೆನಪಿನಲ್ಲಿದೆ.

ಡಾಕ್ಟರಿಗೂ ನರ್ಸಿಗೂ ಬಾಯಿಬಿಟ್ಟು ಹೇಳಬೇಕು. ಬ್ರಿಟನ್ನಿನಲ್ಲಿ 72 ವರ್ಷದ ಒಬ್ಬರಿಗೆ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವಾಗ ಚಿಕ್ಕ ಸೆಟ್ಟು ಗಂಟಲಿಗೆ ಜಾರಿ, ಎಂಟು ದಿನದ ಮೇಲೆ ಪತ್ತೆಯಾದದ್ದನ್ನು 2019ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಮುಚ್ಚುಮರೆ ಎಷ್ಟು ದೂರ ಒಯ್ಯಬಲ್ಲದು ಎಂದು ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಡಬ್ಬಿಯ ಮೇಲೆ ಹೆಸರು ಬರೆದಿಡಬೇಕು. ಹೊಸದು ಮಾಡಿಸುವಾಗ ಕೇಳಿದರೆ ಸೆಟ್ಟಿನೊಳಗೇ ಹೆಸರಿನ ಚೀಟಿ ಸೇರಿಸಿ ಮಾಡಿಕೊಡುವವರೂ ಇದ್ದಾರೆ. ಮರೆವು ಬಂದ ಹಿರಿಯರಿಗೆ, ವೃದ್ಧಾಶ್ರಮದಲ್ಲಿ ಇರುವವರಿಗೆ ಇದು ದೊಡ್ಡ ಉಪಕಾರ.

ಇಷ್ಟೆಲ್ಲ ಕೇಳಿಯೂ ಅಜ್ಜಿ ಮತ್ತೆ ಅಲ್ಲಿಗೇ ಬಂದರು: "ಅಳಿಯಂದಿರು ಇರುವಾಗ ಹೇಗಮ್ಮ?"

ನಾನು ಅವರಿಗೆ ಜಾರ್ಜ್ ವಾಷಿಂಗ್ಟನ್ನನ ಕತೆ ಹೇಳಿದೆ. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದಾಗ ಆತನ ಬಾಯಲ್ಲಿ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು. ಮರದ ಹಲ್ಲು ಎಂದು ಜನ ಹೇಳುವುದು ಸುಳ್ಳು. ನೀರಾನೆಯ ದಂತ, ಪ್ರಾಣಿಗಳ ಹಲ್ಲು, ಮನುಷ್ಯರ ಹಲ್ಲು, ಸೀಸ, ಸ್ಪ್ರಿಂಗು ಎಲ್ಲ ಸೇರಿಸಿ ಮಾಡಿದ ಸೆಟ್ಟುಗಳವು. ಒಂದು ಇಡೀ ಸೆಟ್ಟು ಇಂದಿಗೂ ಆತನ ಮನೆಯಾದ ಮೌಂಟ್ ವರ್ನನ್ನಿನಲ್ಲಿದೆ, ಜನ ಹೋಗಿ ನೋಡಿ ಬರುತ್ತಾರೆ. ನಿಜವಾಗಿ ಮರದಲ್ಲಿ ಮಾಡಿಸಿಕೊಂಡವರು ಜಪಾನಿನವರು. 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯ ಮರದ ಸೆಟ್ಟು ಉಳಿದುಬಂದಿದೆ. ದೂರದ ಮಾತು ಯಾಕೆ, ನಮ್ಮ ರಾಜ್ಯ ಸರ್ಕಾರವೇ 2014-15ರಲ್ಲಿ ದಂತಭಾಗ್ಯ ಎಂಬ ಯೋಜನೆ ತಂದು ಬಡ ಹಿರಿಯರಿಗೆ ಉಚಿತವಾಗಿ ಸೆಟ್ ಮಾಡಿಸಿಕೊಡಲು ಶುರುಮಾಡಿತು. ಸರ್ಕಾರವೇ ಹೆಸರಿಟ್ಟು ಕೊಟ್ಟ ವಸ್ತುವನ್ನು ನಾವು ಮನೆಯಲ್ಲಿ ಬಚ್ಚಿಡುವುದೇಕೆ?

"ರಾತ್ರಿ ಮಲಗುವಾಗ ಕನ್ನಡಕ ತೆಗೆದು ಟೇಬಲ್ ಮೇಲಿಡ್ತೀರಲ್ಲ ಅಮ್ಮ, ಆಗ ಅಳಿಯಂದಿರು ಏನಾದರೂ ಅಂದುಕೊಳ್ತಾರಾ? ಇದೂ ಹಾಗೇ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಚಕ್ಕುಲಿ ತಿನ್ನಬಹುದಾ?" ಎಂದರು.

"ತಿನ್ನಬಹುದು. ಮುಂದಿನ ಹಲ್ಲಲ್ಲಿ ಕಚ್ಚಿ ಎಳೆಯಬೇಡಿ, ಹಿಂದಿನ ಕಡೆಯಿಂದ ಸೆಟ್ ಎದ್ದುಬಿಡುತ್ತೆ. ಕೈಯಲ್ಲಿ ಸಣ್ಣಗೆ ಮುರಿದು, ಎರಡೂ ಪಕ್ಕ ಸಮವಾಗಿ ಹಾಕಿಕೊಂಡು ಅಗಿಯಿರಿ. ಆದರೆ ಮೊದಲು ಅಂಗುಳದ ಉರಿ ವಾಸಿಯಾಗಲಿ."

ಸೋಮವಾರ ಡೆಂಟಲ್ ಕಾಲೇಜಿಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಸೆಟ್ ಹಾಕಿಕೊಂಡೇ ಹೋಗಿ, ನೀರಿನ ಡಬ್ಬಿ ಚೀಲದಲ್ಲಿರಲಿ, ಶುಗರಿನ ಮಾತ್ರೆಯ ಚೀಟಿ ಮರೆಯಬೇಡಿ, ಉರಿಯ ಜೊತೆ ಕೆಳಗಿನದು ಏಳುವುದನ್ನೂ ಹೇಳಿ ಎಂದೆ. ಅಕ್ಕ ಡಬ್ಬಿಯನ್ನು ಬಚ್ಚಲಿನ ಮೂಲೆಯಲ್ಲಿ ಇಡುವುದಾಗಿ ಹೇಳಿದರು. ಅಜ್ಜಿಯೇ ತಡೆದರು: "ಬಚ್ಚಲಲ್ಲಿ ಯಾಕೆ? ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲಿರಲಿ. ಕೆಂಪು ಮುಚ್ಚಳದ್ದು ತಗೊಂಡು ಬಾ, ರಾತ್ರಿ ಲೈಟು ಹಾಕದಿದ್ದರೂ ಕಾಣಬೇಕು."